ಗಂಜಿ ತಂದವರಿಗೆ, ಸಂತ ಜೋಸೆಫ್ ವಾಜರಿಗೆ

ಅಮ್ಮನ ಟಿಬಿ ಮಾತ್ರೆ ಮೊನ್ನೆ ಮುಗಿಯಿತು. ಆರು ತಿಂಗಳು, ಒಂದು ದಿನವೂ ತಪ್ಪಿಸಲಿಲ್ಲ. ಕಫ ಪರೀಕ್ಷೆಯಲ್ಲಿ ಈಗ ಏನೂ ಇಲ್ಲ.

ಮೊದಲ ತಿಂಗಳು ನಮ್ಮ ಅಂಗಳಕ್ಕೆ ಬರಲು ಜನ ಹೆದರುತ್ತಿದ್ದರು. ಅವರ ತಪ್ಪೇನಿಲ್ಲ, ಹೆದರಿಕೆ ನನಗೂ ಇತ್ತು. ಆಗ ಪಕ್ಕದ ಮನೆಯ ಅಕ್ಕ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಹಿಡಿದು ಸೀದಾ ಒಳಗೆ ಬಂದರು. ಮಾಸ್ಕ್ ಹಾಕಿಕೊಂಡು ಮಂಚದ ಹತ್ತಿರವೇ ಕೂತರು. "ಬಿಸಿ ಇರುವಾಗಲೇ ಎರಡು ಚಮಚ ತಗೊಳ್ಳಿ ಬಾಯಮ್ಮ" ಎಂದರು. ವಾರದಿಂದ ಊಟ ಬೇಡ ಎನ್ನುತ್ತಿದ್ದ ಅಮ್ಮ ಅಂದು ಬಟ್ಟಲು ಖಾಲಿ ಮಾಡಿದರು.

ಆ ರಾತ್ರಿ ನನಗೆ ನೆನಪಾದವರು ಕಥೋಲಿಕ ಗುರು ಜೋಸೆಫ್ ವಾಜ್. ಗೋವಾದ ಬೆನೌಲಿಂನಲ್ಲಿ 1651ರಲ್ಲಿ ಹುಟ್ಟಿದ ಇವರು 1681ರಿಂದ ಮೂರು ವರ್ಷ ನಮ್ಮ ಕರಾವಳಿಯಲ್ಲೇ ಓಡಾಡಿದವರು. ಮಂಗಳೂರಿನ ಹತ್ತಿರದ ಮುಡಿಪು ಗುಡ್ಡದಲ್ಲಿ ಅವರು ಕೋಲೂರಿದಲ್ಲಿ ನೀರು ಚಿಮ್ಮಿತು ಎಂದು ಹಿರಿಯರು ಹೇಳುತ್ತಾರೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಶ್ರೀಲಂಕಾದ ಕತೆ. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಓಡಿಸಿದ್ದರು. 1687ರಲ್ಲಿ ಇವರು ಕೂಲಿಯವರ ವೇಷದಲ್ಲಿ ಹೋಗಿ ಇಳಿದರು. ಇಳಿದದ್ದೇ ಆಮಶಂಕೆ ಹಿಡಿದು ಮಲಗಿದರು. ಕಾಯಿಲೆಯಲ್ಲಿ ಒಂಟಿಯಾಗುವುದು ಏನೆಂದು ಅವರಿಗೆ ಗೊತ್ತಿತ್ತು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂತು. ರಾಜನೇ ಊರು ಬಿಟ್ಟ. ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಬಂದರು. ವಾಜರು ತಮ್ಮ ಸಂಬಂಧಿ ಫಾದರ್ ಕಾರ್ವಾಲೊ ಜೊತೆ ಹುಡುಕಿಕೊಂಡು ಹೋದರು. ಗುಡಿಸಲು ಕಟ್ಟಿಸಿದರು, ಹುಣ್ಣು ತೊಳೆದರು, ಊಟ ಕೊಟ್ಟರು, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮ ಎಂದು ಕೇಳಲಿಲ್ಲ. 1711ರ ಜನವರಿ 16ರಂದು ಅದೇ ಕ್ಯಾಂಡಿಯಲ್ಲಿ ತೀರಿಕೊಂಡರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಅಮ್ಮ ಟಿವಿ ಮುಂದೆ ಕೂತು ಅತ್ತಿದ್ದರು.

ಸಂತರೇ, ನಿಮಗೆ ವಂದನೆ. ಮಳೆಗಾಲದಲ್ಲೂ ಮಾತ್ರೆ ತಂದುಕೊಟ್ಟು, ನುಂಗುವ ತನಕ ನಿಂತಿರುತ್ತಿದ್ದ ಆಶಾ ಕಾರ್ಯಕರ್ತೆಗೆ, ಆಸ್ಪತ್ರೆಗೆ ಹೋಗಲು ರಿಕ್ಷಾ ಬಾಡಿಗೆ ತೆಗೆದುಕೊಳ್ಳದ ಅಣ್ಣನಿಗೆ, ಕಿಟಕಿಯ ಹೊರಗೆ ನಿಂತು ಜಪಮಾಲೆ ಹೇಳಿದ ನಮ್ಮ ಚರ್ಚ್ ವಾರ್ಡಿನವರಿಗೆ ತುಂಬಾ ತುಂಬಾ ಥ್ಯಾಂಕ್ಸ್. ಹೆಸರು ಹಾಕಿದರೆ ನಿಮಗೆ ಇಷ್ಟವಾಗಲ್ಲ ಅಂತ ಗೊತ್ತು.

ಜನವರಿಯಲ್ಲಿ ಅಮ್ಮನನ್ನು ಮುಡಿಪಿಗೆ ಕರೆದುಕೊಂಡು ಹೋಗುತ್ತೇನೆ.

ಅಕ್ಕಾ, ನಿಮ್ಮ ಗಂಜಿಯ ಸ್ಟೀಲ್ ಡಬ್ಬಿ ಇನ್ನೂ ನಮ್ಮಲ್ಲೇ ಇದೆ. ಖಾಲಿ ಕೊಡಬಾರದು ಅಂತ ಅಮ್ಮ ಇವತ್ತು ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿದ್ದಾರೆ. ಸಂಜೆ ಅವರೇ ತಂದುಕೊಡುತ್ತಾರಂತೆ, ನಡೆದುಕೊಂಡು.