ಊರಿಗೆ ಬರುವ ಮುಂಚೆ ಇದನ್ನು ಓದು

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಮಾರ್ಚಿಗೆ ಮಿಲಿಟರಿಯಲ್ಲಿ 17 ವರ್ಷ ಸರ್ವಿಸ್ ಮುಗಿಯುತ್ತೆ, ಪೆನ್ಷನ್ ತಗೊಂಡು ಊರಿಗೆ ಬಂದುಬಿಡ್ತೀನಿ, ಕೈಗೆ ಬರೋ ದುಡ್ಡಲ್ಲಿ ಬೋರ್ ಹಾಕಿಸಿ ಮೂರು ಎಕರೆ ಟೊಮ್ಯಾಟೊ ಇಡ್ತೀನಿ, ಮನೆ ಮೇಲೊಂದು ಮಹಡಿ ಎತ್ತಿಸ್ತೀನಿ, ಅವರಮ್ಮ ಮಕ್ಕಳಿಗೆ ಜಾಸ್ತಿ ಸಲಿಗೆ ಕೊಟ್ಟಿದ್ದಾಳೆ, ಸ್ವಲ್ಪ ಡಿಸಿಪ್ಲಿನ್ ಕಲಿಸಬೇಕು ಅಂದೆ. ನಾನು ಹೂಂ ಅಂದೆ ಅಷ್ಟೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1994ರ ಮಾರ್ಚಿನಲ್ಲಿ ನಾನೂ ಇದೇ ಹುಮ್ಮಸ್ಸಿನಲ್ಲಿ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಿದ್ದೆ.

ನೀನು ನೋಡಿರುವುದು ಆಮೇಲಿನ ದೊಡ್ಡಪ್ಪನನ್ನು. ಕೆರೆ ಕಟ್ಟೆ, ತೂಬು, ಕೋಡಿ ಅಂತ ಜಿಲ್ಲೆಯೆಲ್ಲ ಸುತ್ತಿ 2016ರಲ್ಲಿ ರಿಟೈರ್ ಆದ ಸರ್ಕಾರಿ ಇಂಜಿನಿಯರನ್ನು. ಅದಕ್ಕೂ ಮುಂಚೆ 18 ವರ್ಷ ನಾನು ನಿನ್ನ ಹಾಗೇ ಹಲಸೂರು ಕೆರೆ ಪಕ್ಕದ ಎಂಇಜಿಯಲ್ಲಿ, ಅಂದರೆ ಸೈನ್ಯದ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ, ತಯಾರಾದ ತಂಬಿ; ಅಲ್ಲಿನ ಜವಾನರನ್ನು ಹಾಗೇ ಕರೆಯುವುದು. ಮದುವೆಯಾಗಿದ್ದು 1981ರಲ್ಲಿ. ಹದಿಮೂರು ವರ್ಷದ ಸಂಸಾರದಲ್ಲಿ ನಾನು ಮನೆಯಲ್ಲಿದ್ದದ್ದು, ರಜೆಗಳನ್ನೆಲ್ಲ ಕೂಡಿಸಿದರೆ, ಎರಡೂವರೆ ವರ್ಷ ಆಗಬಹುದು. ಉಳಿದ ಕಾಲವೆಲ್ಲ ಆ ಮನೆ ನಡೆಸಿದ್ದು ನಿನ್ನ ದೊಡ್ಡಮ್ಮ. ಎರಡು ಸೀಮೆಹಸು, ಡೈರಿ ಲೆಕ್ಕ, ಒಂದೂವರೆ ಎಕರೆ ಹಿಪ್ಪುನೇರಳೆ, ವರ್ಷಕ್ಕೆ ನಾಲ್ಕೈದು ಬೆಳೆ ರೇಷ್ಮೆಹುಳ, ನಮ್ಮಪ್ಪನ ಉಬ್ಬಸ, ಮಕ್ಕಳ ಸ್ಕೂಲು, ಎಲ್ಲ ಅವಳ ತಲೆ ಮೇಲೆ.

ಬಂದ ವಾರದಲ್ಲೇ ನಾನು ಗೋಡೆಗೆ ಟೈಮ್‌ಟೇಬಲ್ ಅಂಟಿಸಿದೆ. ಐದಕ್ಕೆ ಮಕ್ಕಳು ಏಳಬೇಕು, ಎಂಟಕ್ಕೆ ಊಟ. ಆಗ ನಡುಮನೆಯಲ್ಲಿ ನೂರು ಚಿಟ್ಟೆ ಇಟ್ಟ ಮೊಟ್ಟೆಗಳ ಹುಳ ಇತ್ತು. ಮನೆಯೆಲ್ಲ ಸೊಪ್ಪಿನ ವಾಸನೆ, ಕಾಲಿಟ್ಟರೆ ಕಸ. ಇದು ಮನೆನಾ ಗೋದಾಮಾ ಅಂತ ಕೂಗಾಡಿ, ಒಂದು ಭಾನುವಾರ ಅವಳು ಡೈರಿಗೆ ಹೋಗಿ ಬರುವಷ್ಟರಲ್ಲಿ ಇಬ್ಬರು ಆಳು ಕರೆದುಕೊಂಡು ತಟ್ಟೆಗಳನ್ನೆಲ್ಲ ಹಿತ್ತಲಿನ ಶೀಟಿನ ಕೊಟ್ಟಿಗೆಗೆ ಸಾಗಿಸಿದೆ. ಬಹಳ ಅಚ್ಚುಕಟ್ಟಾಗಿ ಸಾಲಾಗಿ ಜೋಡಿಸಿದ್ದೆ. ಅವಳು ಬಂದು ನೋಡಿ, ಬಾಗಿಲಲ್ಲಿ ನಿಂತು, ‘ಬಿಸಿಲು ಜಾಸ್ತಿ ಅಲ್ವಾ ಇಲ್ಲಿ’ ಅಂದಳು. ಅಷ್ಟೇ ಅಂದಿದ್ದು.

ಆಗ ಏಪ್ರಿಲ್. ಹುಳ ನಾಲ್ಕನೇ ಜ್ವರ ಎದ್ದ ಹೊತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹೊತ್ತು. ಹುಳ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಏಳೆಂಟು ದಿನದಲ್ಲೇ ತಿನ್ನುತ್ತೆ. ರಾತ್ರಿ ಎದ್ದೆದ್ದು ಸೊಪ್ಪು ಹಾಕಬೇಕು, ಗಾಳಿ ಆಡಬೇಕು, ತಂಪಾಗಿರಬೇಕು. ನಮ್ಮ ನಡುಮನೆ ಮಣ್ಣಿನ ಗೋಡೆಯದು, ಹೆಂಚಿನ ಮಾಡು, ಅದಕ್ಕೇ ಅವಳು ಅಲ್ಲಿ ಇಟ್ಟಿದ್ದಳು. ಶೀಟಿನ ಕೆಳಗೆ ಮೂರನೇ ದಿನಕ್ಕೆ ಸಪ್ಪೆ ರೋಗ ಬಂತು. ಹುಳ ಮೆತ್ತಗಾಗಿ, ಕಪ್ಪಗಾಗಿ, ನಾರತೊಡಗಿತು. ಇನ್ನು ನಾಲ್ಕೈದು ದಿನ ತಡೆದಿದ್ದರೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹುಳ ಅದು. ಬೆಳೆಯೆಲ್ಲ ಗುಂಡಿ ತೋಡಿ ಮುಚ್ಚಿದೆವು. ಆ ದುಡ್ಡಿನಲ್ಲಿ ಅವಳು ಏನೇನು ಮಾಡಬೇಕು ಅಂದುಕೊಂಡಿದ್ದಳೋ ನಾನು ಕೇಳಲೂ ಇಲ್ಲ. ಅವಳು ಒಂದು ಬೈಗುಳ ಬೈದಿದ್ದರೂ ನನಗೆ ಹಗುರ ಆಗುತ್ತಿತ್ತೇನೋ.

ಉಕ್ಕಿನ ಪ್ಯಾನೆಲ್ ಜೋಡಿಸಿ ಕಟ್ಟುವ ಬೈಲಿ ಬ್ರಿಡ್ಜ್ ಬಗ್ಗೆ ನಿನಗೆ ನಾನು ಹೇಳಬೇಕಾಗಿಲ್ಲ. ಒಂದೊಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕೆಜಿ, ಆರು ಜನ ಹೆಗಲು ಕೊಡಬೇಕು. ಈಚೆ ದಡದಲ್ಲಿ ಜೋಡಿಸಿ, ಮುಂದಕ್ಕೆ ಹಗುರವಾದ ನೋಸ್ ಕಟ್ಟಿ, ರೋಲರ್ ಮೇಲೆ ಆಚೆ ದಡಕ್ಕೆ ತಳ್ಳುತ್ತೇವೆ. ಆದರೆ ಒಂದು ಪ್ಯಾನೆಲ್ ಲಾರಿಯಿಂದ ಇಳಿಸುವ ಮೊದಲು ರೆಕ್ಕಿ ಆಗಿರುತ್ತೆ. ಗ್ಯಾಪ್ ಎಷ್ಟಿದೆ, ಆಚೆ ದಡದ ಮಣ್ಣು ಎಷ್ಟು ಭಾರ ತಡೆಯುತ್ತೆ ಅಂತ ನೋಡದೆ ಯಾವ ಸುಬೇದಾರನೂ ಕೆಲಸ ಶುರು ಮಾಡುವುದಿಲ್ಲ. ಸೈನ್ಯದಲ್ಲಿ 18 ವರ್ಷ ಅದನ್ನೇ ಮಾಡಿದವನು ನಾನು, ಸ್ವಂತ ಮನೆಗೆ ರೆಕ್ಕಿ ಇಲ್ಲದೆ ನುಗ್ಗಿದೆ. ನಿನಗೆ ಈಗ ನಿಮ್ಮ ಮನೆ ಆಚೆ ದಡ, ಮಗ. ಬೇಜಾರು ಮಾಡಿಕೊಳ್ಳಬೇಡ.

ಅದಕ್ಕೇ ಮೊದಲ ಆರು ತಿಂಗಳು ಏನನ್ನೂ ಬದಲಾಯಿಸಬೇಡ ಅಂತ ಕೇಳಿಕೊಳ್ಳುತ್ತೇನೆ. ಒಂದು ಸ್ಟೂಲು ಕೂಡ ಆ ಕಡೆಯಿಂದ ಈ ಕಡೆ ಇಡಬೇಡ. ನಮ್ಮ ಸೊಸೆ ಹಾಲು ಎಲ್ಲಿಗೆ ಹಾಕುತ್ತಾಳೆ, ಸಂಘದ ಕಂತು ಯಾವ ವಾರ ಕಟ್ಟುತ್ತಾಳೆ, ಅಂಗಡಿಯಲ್ಲಿ ಸಾಲ ಎಷ್ಟಿದೆ, ದೊಡ್ಡವಳು ಯಾಕೆ ಗಣಿತದ ಟ್ಯೂಷನ್ ಬಿಟ್ಟಳು, ಚಿಕ್ಕವನು ಯಾಕೆ ರಾತ್ರಿ ಅಜ್ಜಿ ಪಕ್ಕನೇ ಮಲಗಬೇಕು ಅಂತಾನೆ, ಇದನ್ನೆಲ್ಲ ಕೇಳಿ ತಿಳಿದುಕೋ. ಅಪ್ಪಣೆ ಕೊಡುವ ದನಿಯಲ್ಲಿ ಕೇಳಬೇಡ. ನಮಗೆ ಆ ದನಿ ಅಂಟಿಕೊಂಡಿರುತ್ತೆ, ನಮಗೇ ಕೇಳಿಸುವುದಿಲ್ಲ. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ನಾನು ಬಂದ ಎರಡು ತಿಂಗಳಿಗೆ ಅವರಮ್ಮನ ಹತ್ತಿರ ಗುಟ್ಟಾಗಿ, ‘ಅಪ್ಪನ ರಜೆ ಯಾವಾಗ ಮುಗಿಯುತ್ತೆ’ ಅಂತ ಕೇಳಿದ್ದಳಂತೆ. ಇದನ್ನು ನಿನ್ನ ದೊಡ್ಡಮ್ಮ ನನಗೆ ಹೇಳಿದ್ದು ಮಗಳ ಮದುವೆಯಾದ ಎಷ್ಟೋ ವರ್ಷದ ಮೇಲೆ, ಒಂದು ಸಂಕ್ರಾಂತಿ ಹಿಂದಿನ ದಿನ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ. ಆಮೇಲೆ ನನಗೆ ಸುಲಿಯಲು ಆಗಲಿಲ್ಲ.

ಇನ್ನು ದುಡ್ಡು. ಗ್ರಾಚ್ಯುಟಿ, ಕಮ್ಯುಟೇಷನ್, ಪ್ರಾವಿಡೆಂಟ್ ಫಂಡ್ ಆದ ಎಎಫ್‌ಪಿಪಿ ಫಂಡ್, ಗ್ರೂಪ್ ಇನ್ಶೂರೆನ್ಸ್ ಎಲ್ಲ ಒಟ್ಟಿಗೆ ಬಂದಾಗ ತಲೆ ತಿರುಗುತ್ತೆ. ಪೆನ್ಷನ್ನಿನಲ್ಲಿ ಅರ್ಧದವರೆಗೂ ಕಮ್ಯೂಟ್ ಮಾಡಬಹುದು, ಅಂದರೆ ಮುಂಗಡವಾಗಿ ಒಟ್ಟಿಗೆ ತಗೊಳ್ಳಬಹುದು, ಆದರೆ ಆ ಅರ್ಧ ವಾಪಸ್ ಸೇರುವುದು 15 ವರ್ಷ ಆದಮೇಲೆ. ಅಷ್ಟರಲ್ಲಿ ನಿನ್ನ ಮಗಳ ಓದು, ಮದುವೆ ಎಲ್ಲ ಮುಗಿದಿರುತ್ತೆ. ಕೈಯಲ್ಲಿ ಕಾಸಿದೆ ಅಂತ ಗೊತ್ತಾದ ದಿನದಿಂದ ಸೈಟು, ಚೀಟಿ, ಪಾರ್ಟ್‌ನರ್‌ಶಿಪ್ ಅಂತ ಬರುವವರು ಬಾಗಿಲಲ್ಲಿ ನಿಲ್ಲುತ್ತಾರೆ. ಒಂದು ವರ್ಷ ಬ್ಯಾಂಕು, ಪೋಸ್ಟ್ ಆಫೀಸಿನಲ್ಲೇ ಸುಮ್ನೆ ಇರಲಿ ಬಿಡು.

ಬೋರ್ ವಿಷಯ ನಾನು ಇಂಜಿನಿಯರ್ ಆಗಿ ಹೇಳುತ್ತೇನೆ, ಎರಡು ಬೋರ್ ಕೊರೆಸಿ ಸೋತವನಾಗಿಯೂ ಹೇಳುತ್ತೇನೆ. ನಮ್ಮ ಕೋಲಾರದ ನೆಲ ಗಟ್ಟಿ ಬಂಡೆ. ಮರಳು ಮಣ್ಣಿನ ಸೀಮೆಯ ಹಾಗೆ ಕೆಳಗೆ ನೀರಿನ ಹಾಸು ಇರುವುದಿಲ್ಲ. ಬಂಡೆಯ ಬಿರುಕಲ್ಲಿ ಮಾತ್ರ ನೀರು, ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. 1,200 ಅಡಿ ಹೋದರೂ ಬರೀ ಧೂಳು ಬಂದಿದ್ದನ್ನು ನೀನೂ ಕಂಡಿದ್ದೀಯ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೆಲವು ಕಡೆ ಬತ್ತಿದ ಬೋರು ಮತ್ತೆ ಎದ್ದಿರುವುದು ನಿಜ. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆರೆಗಳಿಗೆ ಬಿಡುವ ನೀರು, ಅಂತರ್ಜಲ ತುಂಬಲಿ ಅಂತ. ಅದನ್ನೇ ನಂಬಿ ಪೆನ್ಷನ್ ದುಡ್ಡು ನೆಲಕ್ಕೆ ಇಳಿಸಬೇಡ. ಮೊದಲು ಅಕ್ಕಪಕ್ಕದವರ ಬೋರು ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತೆ ನೋಡು. ಒಂದು ಮಳೆಗಾಲ ರಾಗಿ ಹಾಕು. ಟೊಮ್ಯಾಟೊ ನಿನ್ನ ಕಣ್ಣಿಗೆ ಕಾಣುತ್ತಿರುವುದು 2023ರ ಜುಲೈದು, ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿದ್ದು. ಅದೇ ಬಾಕ್ಸಿಗೆ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಬಂದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಕಾಗದ ಪತ್ರ ಸರಿ ಮಾಡಿಕೊಂಡೇ ಬಾ. ಯೂನಿಟ್ಟಿನಲ್ಲಿ ಇರುವಾಗ ಆಗುವ ಕೆಲಸ ಬಿಟ್ಟು ಬಂದ ಮೇಲೆ ಸುಲಭಕ್ಕೆ ಆಗುವುದಿಲ್ಲ. ಸೊಸೆಯ ಹೆಸರು, ಇಬ್ಬರು ಮಕ್ಕಳ ಹುಟ್ಟಿದ ತಾರೀಖು ಯೂನಿಟ್ಟಿನ ದಾಖಲೆಯಾದ ಪಾರ್ಟ್ ಟು ಆರ್ಡರಿನಲ್ಲಿ ಬಂದಿದೆಯಾ, ಆಧಾರಿನಲ್ಲಿ ಇರುವ ಹಾಗೇ ಒಂದೊಂದು ಅಕ್ಷರವೂ ಇದೆಯಾ ನೋಡು. ನಾನು ನಿನ್ನ ದೊಡ್ಡಮ್ಮನ ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಸಿದ್ದೆ, ರೇಷನ್ ಕಾರ್ಡಿನಲ್ಲಿ ಬೇರೆ ಹೆಸರು. ಸರಿಪಡಿಸಲು ಎಂಟು ತಿಂಗಳು ಓಡಾಡಿದೆ. ಆ ಮಧ್ಯೆ ನನಗೇನಾದರೂ ಆಗಿದ್ದರೆ ಫ್ಯಾಮಿಲಿ ಪೆನ್ಷನ್ನಿಗೆ ಅವಳು ಅಲೆಯಬೇಕಿತ್ತು. ಪೆನ್ಷನ್ ಖಾತೆ ಇಬ್ಬರ ಹೆಸರಲ್ಲಿ ಮಾಡಿಸು. ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಆರ್ಡರ್) ಎಲ್ಲಿಟ್ಟಿದ್ದೀಯ ಅಂತ ಅವಳಿಗೆ ತೋರಿಸು. ಪೆನ್ಷನ್ನಿನ ಸ್ಪರ್ಶ್ ಪೋರ್ಟಲ್‌ಗೆ ಲಾಗಿನ್ ಆಗುವುದು, ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಕೊಡುವುದು ಅವಳಿಗೂ ಗೊತ್ತಿರಲಿ. ಇಸಿಎಚ್‌ಎಸ್ ಕಾರ್ಡ್, ಅಂದರೆ ಮಾಜಿ ಸೈನಿಕರ ಕುಟುಂಬದ ಚಿಕಿತ್ಸೆಯ ಕಾರ್ಡ್, ನಾಲ್ವರಿಗೂ ಮಾಡಿಸು. ಸೈನಿಕ ಕಲ್ಯಾಣ ಇಲಾಖೆಯಲ್ಲಿ ಹೆಸರು ನೋಂದಾಯಿಸು, ಮಾಜಿ ಸೈನಿಕರ ಕೋಟಾದಲ್ಲಿ ಕೆಲಸ ಕರೆದಾಗ ನನ್ನ ಹಾಗೆ ಅರ್ಜಿ ಹಾಕಬಹುದು. ನಿನಗಿನ್ನೂ ಮೂವತ್ತೇಳು.

ಕೊನೆಯದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. 1988ರಲ್ಲಿ ನಾನು ಶ್ರೀಲಂಕಾದಲ್ಲಿದ್ದೆ, ಅಲ್ಲಿಗೆ ಹೋದ ನಮ್ಮ ಶಾಂತಿ ಪಾಲನಾ ಪಡೆ ಐಪಿಕೆಎಫ್‌ನಲ್ಲಿ. ಬೆಳಗಾದರೆ ರೋಡ್ ಓಪನಿಂಗ್. ಕಾನ್ವಾಯ್ ಹೋಗುವ ಮುಂಚೆ ರಸ್ತೆಯಲ್ಲಿ ಹೂತಿಟ್ಟ ಬಾಂಬು ಹುಡುಕುತ್ತಾ ನಡೆಯಬೇಕು. ಒಂದು ದಿನ ನನಗಿಂತ ಹದಿನೈದು ಹೆಜ್ಜೆ ಮುಂದೆ ಇದ್ದವನು ಹೋದ. ಅವತ್ತು ಆ ಜಾಗದಲ್ಲಿ ನಾನು ನಡೆಯಬೇಕಿತ್ತು, ನನಗೆ ಜ್ವರ ಇತ್ತು ಅಂತ ಅವನು ಮುಂದೆ ಹೋಗಿದ್ದ. ಊರಿಗೆ ಬಂದು ಎಷ್ಟೋ ವರ್ಷ ಹೊಸದಾಗಿ ಅಗೆದ ಮಣ್ಣು ಕಂಡರೆ ನನಗೆ ಕಾಲು ಏಳುತ್ತಿರಲಿಲ್ಲ. ಕೆಲಸವೇ ಅಗೆಯುವ ಕೆಲಸ, ದಿನಾ ಟ್ರೆಂಚ್ ಅಳತೆ. ರಾತ್ರಿ ಬೆವತು ಎದ್ದು ಕೂರುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಹೇಳುವ ಬದಲು ಕೂಗಾಡಿದೆ. ಟೈಮ್‌ಟೇಬಲ್ ಅಂಟಿಸಿದ ಕೈಗೆ ಇದೂ ಒಂದು ಕಾರಣ ಅಂತ ನನಗೆ ತಿಳಿಯುವ ಹೊತ್ತಿಗೆ ತಲೆ ನೆರೆತಿತ್ತು.

ನೀನು ಕಾಶ್ಮೀರ ಕಣಿವೆಯಲ್ಲಿ ಎರಡು ಟೆನ್ಯೂರ್ ಮಾಡಿದ್ದೀಯ. ಏನು ಕಂಡೆಯೋ ನಾನು ಕೇಳುವುದಿಲ್ಲ. ನಿನ್ನ ಹೆಂಡತಿಗೆ ಹೇಳು. ಪೂರ್ತಿ ಹೇಳಲು ಆಗದಿದ್ದರೆ, ನಿದ್ದೆ ಬರುತ್ತಿಲ್ಲ, ಇದಕ್ಕೆ ನೀನು ಕಾರಣ ಅಲ್ಲ ಅಂತಾದರೂ ಹೇಳು. ನನ್ನ ಹತ್ತಿರ ಬಾ, ಕೆರೆ ಏರಿ ಮೇಲೆ ಹೋಗಿ ಕೂರೋಣ. ಅದೂ ಸಾಲದಿದ್ದರೆ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಮನಸ್ಸಿನ ತೊಂದರೆಗೆ 14416 ಅಂತ ಟೆಲಿ ಮಾನಸ್ ನಂಬರ್ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ.

ನಿನ್ನ ದೊಡ್ಡಮ್ಮ ಹೇಳಿದಳು, ಬರುವ ತಾರೀಖು ಮೊದಲು ಸೊಸೆಗೆ ತಿಳಿಸಬೇಕಂತೆ, ಆಮೇಲೆ ನಮಗೆ. ಬಂಗಾರಪೇಟೆಗೆ ಹಾರ, ತಮಟೆ ಅಂತ ಹುಡುಗರು ಬರುತ್ತೇವೆ ಅಂದರು, ನಾನು ಬೇಡ ಅಂದಿದ್ದೇನೆ. ನಿನ್ನ ಟ್ರಂಕು, ಹಾಸಿಗೆ ಆಟೋದಲ್ಲಿ ನಾನು ತರುತ್ತೇನೆ. ಸೊಸೆ ಸ್ಕೂಟರ್ ತೆಗೆದುಕೊಂಡು ಬರುತ್ತಾಳೆ. ಕೀ ಕೇಳಬೇಡ. ಹಿಂದೆ ಕೂತುಕೊಂಡು ಬಾ.

ಇಂತಿ ನಿನ್ನ
ದೊಡ್ಡಪ್ಪ