ಕೆಂಪ ಗುಳಿಗಿ ಡಬ್ಬಿ ಹಿಂದ ಯಾಕ ಉಳಿತಾವ?

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ತಂಗಿ ಐದು ತಿಂಗಳ ಬಸರಿ, ಬಾದಾಮಿ ಹತ್ರ ಕೊಟ್ಟೀವಿ, ಮೊನ್ನೆ ನೋಡಾಕ ಹೋದ್ರ ಜ್ವಾಳದ ಡಬ್ಬಿ ಹಿಂದ ಕಬ್ಬಿಣದ ಗುಳಿಗಿ ಪಾಕೀಟು ಹಂಗ ಬಿದ್ದಿದ್ವು, ಎರಡಷ್ಟ ಒಡದಿದ್ಲು. ಯಾಕವ್ವಾ ಅಂದ್ರ ವಾಕರಿಕಿ ಬರ್ತೈತಿ, ಸಂಡಾಸ ಕರ್ರಗ ಆಕ್ಕೈತಿ, ಕೂಸೂ ಕರ್ರಗ ಹುಟ್ತೈತಿ ಅಂತ ಅತ್ತಿ ಅಂದಾರ ಅಂದ್ಲು. ಕೂಸಿನ ಬಣ್ಣಕ್ಕೂ ಗುಳಿಗಿಗೂ ಏನೂ ಸಂಬಂಧ ಇಲ್ರಿ! ದಿನಕ್ಕ ಒಂದರಂಗ 180 ದಿನ ಅಂತ ಎಲ್ಲಾರೂ ಹೇಳ್ತಾರ, ಆದ್ರ ವಾಕರಿಕಿ ಬಂದ್ರ ರಾತ್ರಿ ಉಂಡಮ್ಯಾಲ ತಗೋ, ಚಾ ಜೋಡಿ ಬ್ಯಾಡ, ಕ್ಯಾಲ್ಸಿಯಂ ಗುಳಿಗಿ ಬ್ಯಾರೆ ಹೊತ್ತಿಗೆ ಅಂತ ಆಕಿಗೆ ಯಾರೂ ಕುಂತು ಹೇಳಿಲ್ಲ. ಆಶಾ ಅಕ್ಕನವರು ಮನಿಗೆ ಬಂದಾಗ ಅತ್ತಿನೂ ಕರದು ಕುಂದ್ರಿಸಿ ಹೇಳ್ಬೇಕ್ರಿ, ಅಡಗಿಮನಿ ಮಾತು ಅವರದ ನಡಿತೈತಿ.

ಇಂತಿ ನಿಮ್ಮ ಓದುಗ, ಬಾಗಲಕೋಟೆ