ಶುಕ್ರವಾರದ ಬೈಬಲ್ ಕೂಟ: ಬರುವ ಮೊದಲು ಒಂದು ಸಣ್ಣ ಕೆಲಸ

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆ.

ಈ ಶುಕ್ರವಾರ ಸಂಜೆ 7ಕ್ಕೆ ಕೂಟ ನಮ್ಮ ಮನೆಯಲ್ಲೇ. (ಕಳೆದ ವಾರದ ಹಾಗೆ 7.40ಕ್ಕೆ ಶುರು ಮಾಡೋದು ಬೇಡ, ಮಕ್ಕಳಿಗೆ ಪರೀಕ್ಷೆ ಇದೆ.) ವಿಷಯ: ಗಟ್ಟಿಯಾಗಿ ಹಿಡಿದಿರುವುದನ್ನು ದೇವರ ಕೈಗೆ ಬಿಡುವುದು.

ಆದಿಕಾಂಡ 22 ಮತ್ತು ಮಾರ್ಕ 10:17–22 ಓದಿಕೊಂಡು ಬನ್ನಿ. ದೇವರು ಹೇಳಿದ ಸ್ಥಳದಲ್ಲಿ ಬಲಿ ಕೊಡಲು ಅಬ್ರಹಾಮ ತನ್ನ ಮಗ ಇಸಾಕನನ್ನು ಕರೆದುಕೊಂಡು ಹೊರಟ, ಮೂರನೇ ದಿನ ಆ ಸ್ಥಳ ದೂರದಿಂದ ಕಾಣಿಸಿತು. ಅಲ್ಲಿಯವರೆಗೆ ಅವನ ಮನಸ್ಸಲ್ಲಿ ಏನಿತ್ತೋ, ಆ ಅಧ್ಯಾಯ ಹೇಳುವುದಿಲ್ಲ. ನನ್ನನ್ನು ಕಾಡುವುದು ಆ ಮೌನವೇ. ಮಾರ್ಕನಲ್ಲಿ ಬರುವ ಆಸ್ತಿವಂತ ಮುಖ ಸಪ್ಪೆ ಮಾಡಿಕೊಂಡು ಹೊರಟುಹೋದ. ಆದರೆ 21ನೇ ವಚನ ನಿಧಾನವಾಗಿ ಓದಿ. ಎಲ್ಲವನ್ನೂ ಮಾರು ಅನ್ನುವ ಮೊದಲು ಯೇಸು ಅವನನ್ನು ನೋಡಿ ಪ್ರೀತಿಸಿದರು. ನಾನು ಎಷ್ಟೋ ವರ್ಷ ಇದನ್ನು ಗಮನಿಸಿಯೇ ಇರಲಿಲ್ಲ.

ಬಿಡಲು ನಿಮಗೆ ಕಷ್ಟವಾದ ಒಂದನ್ನು ಚೀಟಿಯಲ್ಲಿ ಬರೆದು ತನ್ನಿ. ಸೈಟು, ಮಗನ ಸೀಟು, ಹಳೇ ಕೋಪ, ಏನಾದರೂ. ಹೆಸರು ಬೇಡ, ಯಾರೂ ಓದುವುದಿಲ್ಲ. ಪ್ರಾರ್ಥನೆಯ ಕೊನೆಗೆ ಮಡಚಿ ಬುಟ್ಟಿಗೆ ಹಾಕುತ್ತೇವೆ, ಅಷ್ಟೇ. ಬಿಡುವುದು ಅಂದರೆ ಸಂಬಂಧ ಕಡಿದುಕೊಳ್ಳುವುದೋ ಔಷಧಿ ನಿಲ್ಲಿಸುವುದೋ ಅಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲಿ ‘ಬರ್ತೀನಿ’ ಅಂತ ಹಾಕಿ, ಎಷ್ಟು ಜನ ಅಂತಲೂ ತಿಳಿಸಿ. ಸುಮ್ನೆ ಕೈ ಮುಗಿದ ಇಮೋಜಿ ಹಾಕಿದರೆ ಲೆಕ್ಕ ಸಿಗುವುದಿಲ್ಲ, ಅಲ್ವಾ? ಟೀ ನಮ್ಮದು. ಜಾಸ್ತಿ ಬೈಬಲ್ ಇದ್ದವರು ಒಂದು ತನ್ನಿ.